ಬಿರುಗಾಳಿಯೂ ನಮ್ಮ ಕೇರಿಯ ಛಾವಣಿಯೂ



ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಓದಿ. ಓದಿದ ಮೇಲೆ ನಿಮ್ಮ ಕೇರಿಯ ಹುಡುಗರಿಗೂ ಓದಿಸಿ.

ಮೊನ್ನೆ ಸಾಯಂಕಾಲದ ಗಾಳಿ ಮಳೆಗೆ ನಮ್ಮ ನೆಂಟರ ಕೇರಿಯಲ್ಲಿ ಐದು ಮನೆಯ ಶೀಟು ಹಾರಿಹೋಯ್ತು. ಊರ ಹೆಸರು ಬೇಡ, ನಮ್ಮ ಅನುಗೊಂಡನಹಳ್ಳಿ ಕಡೆಯದೇ. ಅರ್ಧ ದಿನ ರಜಾ ಹಾಕಿ ಬೆಳಿಗ್ಗೆ ಹೋದೆ. ಶೀಟುಗಳು ಪಕ್ಕದ ಹೊಲದಲ್ಲಿ ಬಿದ್ದಿದ್ದವು. ಒಂದು ಮಡಚಿಕೊಂಡು ಕರೆಂಟು ಕಂಬಕ್ಕೆ ಸಿಕ್ಕಿತ್ತು. ನಮ್ಮ ಅಕ್ಕನ ವಯಸ್ಸಿನ ಹೆಂಗಸೊಬ್ಬರು ನೆನೆದ ರಾಗಿ ಮೂಟೆ ಬಿಚ್ಚಿ ಬಿಸಿಲಿಗೆ ಹರಡುತ್ತಾ ಇದ್ದರು. ಅವರ ಹಿತ್ತಲಿನ ನುಗ್ಗೆಮರ ಕಾಯಿ ಸಮೇತ ಮುರಿದು ಬಿದ್ದಿತ್ತು. ನಾಲ್ಕು ಬಾಳೆ ಗೊನೆ ಹಾಕಿದ್ದವು, ನಾಲ್ಕೂ ನೆಲ ಕಚ್ಚಿದ್ದವು.

ನೋಡೋಕೆ ಬಂದವರು ಫೋನಲ್ಲಿ ಫೋಟೋ ತೆಗೆದುಕೊಂಡರು. ಮೊದಲು ಕೇಳಿದ್ದು ಇಷ್ಟು:

"ಏನಮ್ಮಾ, ಹಕ್ಕುಪತ್ರ ಇದ್ಯಾ?"

"ಇಲ್ಲ ಸಾ. ನಮ್ಮ ಮಾವನ ಕಾಲದಿಂದ ಇಲ್ಲೇ ಇದೀವಿ."

"ಖಾತೆ?"

"ಮುಂದಿನ ಮನೇದು ಮಾವನ ಹೆಸ್ರಲ್ಲೇ ಐತೆ ಸಾ. ಇದು ನಾವು ಹಿಂದೆ ಕಟ್ಕೊಂಡಿದ್ದು."

ಅವರು ಬೈಯಲಿಲ್ಲ, ಗದರಲಿಲ್ಲ. "ನೋಡೋಣ" ಅಂತ ಹೇಳಿ ಹೋದರು. ನಾನು ಗುಮಾಸ್ತ, ದಿನಾ ಫೈಲು ನೋಡೋನು. "ನೋಡೋಣ" ಅಂದ್ರೆ ಏನು ಅಂತ ನನಗೆ ಗೊತ್ತು.

ಅವತ್ತಿಂದ ತಲೆಯಲ್ಲಿ ಒಂದೇ ಪ್ರಶ್ನೆ ಓಡಾಡ್ತಾ ಇದೆ. ಅದೇ ಗಾಳಿ ಊರ ಮೇಲೂ ಬೀಸಿತು, ಕೇರಿಯ ಮೇಲೂ ಬೀಸಿತು. ಹಾರೋದು ನಮ್ಮ ಛಾವಣಿಯೇ ಯಾಕೆ? ಹಾರಿದ ಮೇಲೆ ಅದಕ್ಕೊಂದು ಕಾಗದ ಯಾಕೆ ಇರಲ್ಲ? ಇದು ಹವಾಮಾನದ ಪ್ರಶ್ನೆ ಅಂತ ಜನ ತಿಳ್ಕೊಂಡಿದ್ದಾರೆ. ನನ್ನ ಮಟ್ಟಿಗೆ ಇದು ಚರಿತ್ರೆಯ ಪ್ರಶ್ನೆ.

*

ಮೊದಲು ಗಾಳಿ ವಿಷಯ. ಏಪ್ರಿಲ್, ಮೇ ತಿಂಗಳಲ್ಲಿ, ಅಶ್ವಿನಿ, ಭರಣಿ, ಕೃತ್ತಿಕೆ ಮಳೆ ಬೀಳೋ ಕಾಲದಲ್ಲಿ, ಹಗಲೆಲ್ಲ ನೆಲ ಕಾಯುತ್ತೆ. ಬಿಸಿಯಾದ ತೇವದ ಗಾಳಿ ಮೇಲಕ್ಕೇರಿ ಮಧ್ಯಾಹ್ನದ ಮೇಲೆ ಬೆಟ್ಟದಂಥ ಮೋಡ ಕಟ್ಟುತ್ತೆ. ಆ ಮೋಡದಿಂದ ಮಳೆ, ಆಲಿಕಲ್ಲು ಇಳಿಯುವಾಗ ತಣ್ಣನೆ ಗಾಳಿಯೂ ಕೆಳಕ್ಕೆ ಧುಮುಕಿ, ನೆಲಕ್ಕೆ ಬಡಿದು ಸುತ್ತ ಹರಡುತ್ತೆ. ಮಳೆ ಬರೋಕೆ ಮುಂಚೆ ಧೂಳೆಬ್ಬಿಸಿಕೊಂಡು ತಣ್ಣಗೆ ನುಗ್ಗುತ್ತಲ್ಲ, ಅದೇ ಇದು. ವೇಗ ಒಮ್ಮೆಗೇ ಏರಿ ಗಂಟೆಗೆ 40 ಕಿ.ಮೀ. ದಾಟಿ ಒಂದು ನಿಮಿಷವಾದರೂ ನಿಂತರೆ ಹವಾಮಾನ ಇಲಾಖೆಯವರು ಅದನ್ನ 'ಸ್ಕ್ವಾಲ್' ಅಂತಾರೆ. ಸಮುದ್ರದ ಮೇಲೆ ಹುಟ್ಟಿದ ಸುಳಿಗಾಳಿ 62 ಕಿ.ಮೀ. ಮುಟ್ಟಿದರೆ ಅದು 'ಸೈಕ್ಲೋನ್', ಅದಕ್ಕೊಂದು ಹೆಸರೂ ಇಡ್ತಾರೆ. ನಮ್ಮ ಸಂಜೆಯ ಬಿರುಗಾಳಿಗೆ ಹೆಸರಿಲ್ಲ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

2024ರ ಜೂನ್ 2ರಂದು ಬೆಂಗಳೂರಲ್ಲಿ ಒಂದೇ ದಿನ 111 ಮಿ.ಮೀ. ಮಳೆಯಾಯ್ತು. ನಗರದಲ್ಲಿ ನೂರಾರು ಮರ ಬಿದ್ದವು. 133 ವರ್ಷದ ದಾಖಲೆ ಮುರೀತು ಅಂತ ಪೇಪರಲ್ಲಿ ಬಂತು. ಮುರಿದದ್ದು 1891ರ ಜೂನ್ 16ರ ದಾಖಲೆ, ಆವತ್ತು 101.6 ಮಿ.ಮೀ. ಬಿದ್ದಿತ್ತು. ಯೋಚನೆ ಮಾಡಿ ಬಂಧುಗಳೇ. 1891ರಲ್ಲಿ ಒಂದು ದಿನ ಬಿದ್ದ ಮಳೆಯನ್ನ ದಶಾಂಶ ಬಿಡದೆ ಬರೆದಿಟ್ಟಿದ್ದಾರೆ. ಅಲ್ಲಿಂದ ಇಲ್ಲೀವರೆಗೆ ನಮ್ಮ ಕೇರಿಗಳಲ್ಲಿ ಎಷ್ಟು ಛಾವಣಿ ಹಾರಿವೆ? ಅದನ್ನ ಯಾವ ಪುಸ್ತಕದಲ್ಲಿ ನೋಡಬೇಕು?

*

ಎರಡನೇದು, ಜಾಗ. ನಮ್ಮ ಕೇರಿಗಳು ಊರ ಹೊರಗೆ ಯಾಕಿವೆ ಅನ್ನೋ ಪ್ರಶ್ನೆಯನ್ನೇ ಹಿಡಿದು ಬಾಬಾಸಾಹೇಬರು 1948ರಲ್ಲಿ ಅಸ್ಪೃಶ್ಯರು ಯಾರು ಅನ್ನೋದರ ಬಗ್ಗೆ ಒಂದು ಪುಸ್ತಕ ಬರೆದರು. ಅದರ ವಾದಗಳನ್ನ ಇಲ್ಲಿ ಬಿಚ್ಚಲ್ಲ, ಓದಿಲ್ಲದವರು ಓದಿ. ನಾನು ಹೇಳಬೇಕಾದ್ದು ಒಂದು ಸಣ್ಣ ವಿಷಯ. ಊರೊಳಗಿನ ಮನೆಗಳು ಒಂದಕ್ಕೊಂದು ಗೋಡೆ ಆನಿಸಿಕೊಂಡಿರ್ತವೆ. ಮುಂದಿನ ಮನೆ ಹಿಂದಿನ ಮನೆಗೆ ಗಾಳಿ ತಡೀತದೆ. ನಮ್ಮನ್ನ ಇಟ್ಟಿದ್ದು ಅಂಚಿಗೆ, ಬಯಲಿಗೆ, ಕೆರೆ ಅಂಗಳದ ಮಗ್ಗುಲಿಗೆ. ಹೊಲದ ಮೇಲಿಂದ ಬರೋ ಗಾಳಿಗೆ ಮೊದಲು ಸಿಗೋದು ನಮ್ಮ ಮನೆ.

ಮೊದಲೆಲ್ಲ ಗುಂಡುತೋಪು ಇತ್ತು. ಮಾವು, ಹೊಂಗೆ, ಹುಣಸೆ ಮರಗಳ ಸಾರ್ವಜನಿಕ ತೋಪು. ಒಳ್ಳೆ ಮರದ ಸಾಲು ತನ್ನ ಎತ್ತರದ ಹತ್ತು ಪಟ್ಟು ದೂರದವರೆಗೂ ಗಾಳಿಯ ಜೋರು ತಗ್ಗಿಸುತ್ತೆ. ಊರೂರಲ್ಲೂ ತೋಪು ಒತ್ತುವರಿಯಾದವು, ಲೇಔಟಾದವು. ಅದರ ನೆರಳು ಎಲ್ಲರಿಗೂ ಹೋಯ್ತು. ಮರೆ ಹೋಗಿದ್ದು ಮಾತ್ರ ಅಂಚಲ್ಲಿದ್ದವರಿಗೆ.

*

ಮೂರನೇದು ಛಾವಣಿ. ಇದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ.

ನಮ್ಮ ಕಡೆ, ಹೊಸಕೋಟೆ, ಮಾಲೂರು, ಕೋಲಾರದ ಕಡೆ, ಉಳ್ಳವರ ಮನೆ ಅಂದರೆ ಕಲ್ಲುಚಪ್ಪಡಿ ಹಾಸಿದ ಮನೆ, ಇಲ್ಲಾ ತೊಲೆ ಕೂರಿಸಿ ಮಣ್ಣು ಮೆತ್ತಿದ ಮಾಳಿಗೆ ಮನೆ. ಎರಡೂ ಭಾರ. ಬಿರುಗಾಳಿಗೆ ಅವು ಏಳೋದಿಲ್ಲ. ಆಮೇಲೆ ಹೆಂಚು ಬಂತು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಅದಕ್ಕೂ ಒಂದು ವರ್ಷ ಮುಂಚೆ, 1864ರಲ್ಲಿ, ವೈಟ್‌ಫೀಲ್ಡು ಮಾಲೂರು ಮೇಲೆ ಹಾದುಹೋಗೋ ಜೋಲಾರಪೇಟೆ ರೈಲು ಬೆಂಗಳೂರಿಗೆ ಬಂದಾಗಿತ್ತು. ಮುಂದೆ ಮಾಲೂರೇ ಹೆಂಚಿಗೂ ಇಟ್ಟಿಗೆಗೂ ಹೆಸರಾಯ್ತು.

ನಮ್ಮ ಪಾಲಿಗೆ ಬಂದಿದ್ದು ಹುಲ್ಲು, ತೆಂಗಿನ ಗರಿ. ದುಡ್ಡಿರಲಿಲ್ಲ ಅನ್ನೋದು ಅರ್ಧ ಸತ್ಯ. ಹಳ್ಳಿಗಳಲ್ಲಿ ಅಸ್ಪೃಶ್ಯರು ಏನೇನು ಮಾಡಿದರೆ ಅಪರಾಧ ಅಂತ ಬಾಬಾಸಾಹೇಬರು ಒಂದು ಪಟ್ಟಿ ಕೊಟ್ಟಿದ್ದಾರೆ. ಅವರ ಬರಹಗಳ ಇಂಗ್ಲಿಷ್ ಸಂಪುಟ 5ರಲ್ಲಿದೆ. ಶುಭ್ರ ಬಟ್ಟೆ ಹಾಕೋದು, ಚಪ್ಪಲಿ ಮೆಟ್ಟೋದು, ಒಡವೆ ಇಟ್ಟುಕೊಳ್ಳೋದು. ಆ ಸಾಲಿನಲ್ಲೇ ಇನ್ನೊಂದು ಅಪರಾಧ, ಹೆಂಚಿನ ಮನೆ ಕಟ್ಟೋದು. ಮೇಲ್ಜಾತಿಯವರ ಕಣ್ಣಿಗೆ ಹೆಂಚು ಅಂದ್ರೆ ಅಂತಸ್ತು. ನಮಗೆ ಬೇಕಾಗಿದ್ದು ಗಾಳಿಗೆ ಏಳದ ಒಂದು ಸೂರು. ಹಿಂಗಾಗಿ ಗುಡಿಸಲು ಬಡತನದ ಗುರುತು ಆಗಿದ್ದಷ್ಟೇ ಅಲ್ಲ, ಅದನ್ನ ದಾಟಬಾರದು ಅಂತ ನಮಗೆ ಎಳೆದ ಗೆರೆಯೂ ಆಗಿತ್ತು.

ನಮ್ಮಪ್ಪ ಇಟ್ಟಿಗೆ ಗೂಡಿನಲ್ಲಿ ಕೂಲಿ ಮಾಡಿದವರು. ದಿನಕ್ಕೆ ಸಾವಿರಗಟ್ಟಲೆ ಇಟ್ಟಿಗೆ ಹೊತ್ತು ರಾತ್ರಿ ಗರಿ ಮನೆಯಲ್ಲಿ ಮಲಗೋರು. ನಾನು ಮೂರನೇ ಕ್ಲಾಸಿದ್ದಾಗ ಒಂದು ರಾತ್ರಿ ಗಾಳಿ ಎದ್ದು ಮೇಲಿನ ಗರಿ ಪೂರ್ತಿ ಕಿತ್ಕೊಂಡು ಹೋಯ್ತು. ಅವ್ವ ನನ್ನನ್ನೂ ತಂಗಿಯನ್ನೂ ರಾಗಿ ವಾಡೆ ಮಗ್ಗುಲಲ್ಲಿ ಕೂರಿಸಿ ಮೇಲೆ ಗೋಣಿಚೀಲ ಹೊದಿಸಿದರು. ಮಳೆ ನಿಲ್ಲಲಿಲ್ಲ. ಅಪ್ಪ ನಮ್ಮನ್ನ ಹೊತ್ಕೊಂಡು ಇಸ್ಕೂಲ್ ಜಗುಲಿಗೆ ಹೋದರು. ದಾರಿಯಲ್ಲೇ ಒಂದು ಗುಡಿ ಸಿಗ್ತಿತ್ತು. ಕಲ್ಲುಚಪ್ಪಡಿಯ ಪಡಸಾಲೆ, ಹತ್ತಿಪ್ಪತ್ತು ಜನ ಮಲಗಬಹುದು, ಒಂದು ಹನಿ ಸೋರಲ್ಲ. ಅಲ್ಲಿ ನಿಲ್ಲೋಣ ಅಂತ ಕೇರಿಯ ಒಬ್ಬರೂ ಅನ್ನಲಿಲ್ಲ. ಯಾರೂ ಅಡ್ಡ ನಿಂತಿರಲಿಲ್ಲ, ನಡುರಾತ್ರಿ ಅಲ್ಲಿ ಯಾರೂ ಇರಲೂ ಇಲ್ಲ. ಆದ್ರೂ ನಾವು ಅದನ್ನ ದಾಟಿಕೊಂಡು ನೆನಕೊಂಡು ಹೋದೆವು. ಬಿರುಗಾಳಿ ಅಂದಾಗ ಇವತ್ತಿಗೂ ನನಗೆ ಗರಿ ಹಾರಿದ್ದಕ್ಕಿಂತ ಆ ಖಾಲಿ ಪಡಸಾಲೆ ನೆನಪಾಗುತ್ತೆ.

ಅರಸು ಕಾಲದಲ್ಲಿ ಜನತಾ ಸೈಟು, ಜನತಾ ಮನೆ ಬಂತು. 90ರ ದಶಕದಲ್ಲಿ ಆಶ್ರಯ ಮನೆ ಬಂತು. ಎಷ್ಟೋ ಕುಟುಂಬ ಮೊದಲ ಸಲ ಹೆಂಚಿನ ಕೆಳಗೆ, ಆರ್‌ಸಿಸಿ ಕೆಳಗೆ ಮಲಗಿದ್ದು ಆಗಲೇ. ಅದನ್ನ ಮರೆಯಬಾರದು. ಆದರೆ ಸೈಟು ಸಿಕ್ಕಿದ್ದು ತಾತನಿಗೆ, ಒಂದು. ತಾತನಿಗೆ ಮೂರು ಗಂಡುಮಕ್ಕಳು. ಒಬ್ಬೊಬ್ಬರಿಗೂ ಮದುವೆಯಾದಂಗೆ ಹಿತ್ತಲಲ್ಲಿ ಒಂದು ರೂಮು ಎದ್ದಿತು. ಸಿಮೆಂಟು ಇಟ್ಟಿಗೆ ನಾಲ್ಕು ಗೋಡೆ, ಮೇಲೆ ಶೀಟು. ಭಾಗ ಆಗಿಲ್ಲ, ಖಾತೆ ಇಲ್ಲ, ಇ-ಸ್ವತ್ತಿನ ಫಾರಂ 9, 11 ಇಲ್ಲ. ಇವತ್ತು ಎ.ಕೆ. ಕಾಲೋನಿಗಳಲ್ಲಿ ಶೀಟು ಹಾರೋ ಮನೆಗಳಲ್ಲಿ ಬಹಳಷ್ಟು ಈ ಹಿಂದಿನ ರೂಮುಗಳೇ.

ಶೀಟು ಹೇಗೆ ಹಾರುತ್ತೆ ಅಂತಲೂ ತಿಳಿದಿರಬೇಕು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತೆ. ಬಾಗಿಲು ಕಿಟಕಿಯಿಂದ ನುಗ್ಗಿದ ಗಾಳಿ ಒಳಗಿಂದ ಮೇಲಕ್ಕೆ ತಳ್ಳುತ್ತೆ. ಮೇಲೆ ಹಾಯ್ದುಹೋಗೋ ಗಾಳಿ ಶೀಟನ್ನ ಮೇಲಕ್ಕೆ ಹೀರುತ್ತೆ. ಮೊದಲು ಏಳೋದು ಅಂಚು. ಸರಿಯಾಗಿ ಕಟ್ಟಬೇಕಾದರೆ ಪೈಪಿಗೆ ಕೊಕ್ಕೆ ಬೋಲ್ಟು ಹಾಕಿ ಬಿಗಿಯಬೇಕು, ಅಂಚಿನಲ್ಲಿ ಬೋಲ್ಟು ಹತ್ತಿರ ಹತ್ತಿರ ಇರಬೇಕು. ಅದಕ್ಕೆ ದುಡ್ಡು ಸಾಲದೆ ನಾವು ಮಾಡೋದೇನು? ಶೀಟಿನ ಮೇಲೆ ಸೈಜುಗಲ್ಲು ಹೇರೋದು. ಜೋರು ಗಾಳಿಗೆ ಶೀಟು ಎದ್ದರೆ ಆ ಕಲ್ಲು ಬೀಳೋದು ಕೆಳಗೆ ಮಲಗಿರೋ ಮಗುವಿನ ಮೇಲೆ.

*

ಇನ್ನು ಕಾಗದ.

ಸರ್ಕಾರದ ಪರಿಹಾರ ಅನ್ನೋದು ಹುಟ್ಟಿದ್ದು ಬರಗಾಲದಲ್ಲಿ. 1876ರಿಂದ 78ರ ಮಹಾ ಬರದಲ್ಲಿ ಮೈಸೂರು ಸಂಸ್ಥಾನದ ಜನ ಸೊಪ್ಪಾಗಿ ಸತ್ತರು. 1871ರಲ್ಲಿ ಸುಮಾರು 50.5 ಲಕ್ಷ ಇದ್ದ ಜನಸಂಖ್ಯೆ 1881ಕ್ಕೆ 42 ಲಕ್ಷಕ್ಕೂ ಕೆಳಗೆ ಇಳೀತು. ಆ ಸಾವು ನೋಡಿದ ಮೇಲೆ ಬ್ರಿಟಿಷರು 1880ರಲ್ಲಿ ಕ್ಷಾಮ ಆಯೋಗದ ವರದಿ ತಂದರು, 1883ರಲ್ಲಿ ಕ್ಷಾಮ ಸಂಹಿತೆ ಮಾಡಿದರು. ಆ ವ್ಯವಸ್ಥೆಯಲ್ಲಿ ಜಮೀನಿದ್ದವನಿಗೆ ಕಂದಾಯ ಮಾಫಿ, ತಕಾವಿ ಸಾಲ. ಜಮೀನಿಲ್ಲದವನಿಗೆ ಕಲ್ಲು ಒಡೆಯೋ, ಕೆರೆ ತೋಡೋ ಕೂಲಿ. ಪಹಣಿ ಇದ್ದವನಿಗೆ 'ನಷ್ಟ' ಆಗುತ್ತೆ, ಇಲ್ಲದವನಿಗೆ 'ಹಸಿವು' ಆಗುತ್ತೆ ಅನ್ನೋ ಲೆಕ್ಕ ಆವಾಗಿಂದ ಬಂದದ್ದು. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ 1988ರಲ್ಲಿ ಶುರುವಾಗಿದ್ದು ಬರ ಉಸ್ತುವಾರಿ ಘಟಕವಾಗಿಯೇ.

2005ರಲ್ಲಿ ವಿಪತ್ತು ನಿರ್ವಹಣಾ ಕಾಯಿದೆ ಬಂತು. ವಿಪತ್ತು ಪರಿಹಾರ ನಿಧಿಗೆ ಕೇಂದ್ರ ಸರ್ಕಾರದ ಒಂದು ಪಟ್ಟಿ ಇದೆ. ಚಂಡಮಾರುತ, ಬರ, ಭೂಕಂಪ, ಬೆಂಕಿ, ನೆರೆ, ಸುನಾಮಿ, ಆಲಿಕಲ್ಲು ಮಳೆ, ಭೂಕುಸಿತ, ಹಿಮಪಾತ, ಮೇಘಸ್ಫೋಟ, ಕೀಟದಾಳಿ, ಶೀತಗಾಳಿ. ಆ ಪಟ್ಟಿಯಲ್ಲಿ ನಮ್ಮ ಸಂಜೆ ಬಿರುಗಾಳಿಯನ್ನ ಹುಡುಕಿ. ಸೈಕ್ಲೋನ್ ಇದೆ, ಆಲಿಕಲ್ಲು ಇದೆ. ಹೆಸರಿಲ್ಲದ ಗಾಳಿ ಇಲ್ಲ. ನಿಧಿಯ ನೂರಕ್ಕೆ 10ರಷ್ಟನ್ನ ರಾಜ್ಯಗಳು ತಮ್ಮದೇ ಸ್ಥಳೀಯ ವಿಪತ್ತುಗಳಿಗೆ ಬಳಸಬಹುದು ಅನ್ನೋ ಅವಕಾಶ ಇದೆ. ಒಡಿಶಾ ಸುಂಟರಗಾಳಿಯನ್ನ, ಉತ್ತರ ಪ್ರದೇಶ ಆಂಧಿ-ತೂಫಾನನ್ನ ಹಾಗೆ ಸೇರಿಸಿಕೊಂಡಿವೆ. ಅಂದರೆ ಮನಸ್ಸಿದ್ದರೆ ಗಾಳಿಗೂ ಪಟ್ಟಿಯಲ್ಲಿ ಜಾಗ ಸಿಗುತ್ತೆ.

2022ರಿಂದ ಜಾರಿಗೆ ಬಂದ ಕೇಂದ್ರದ ದರ ಹೀಗಿತ್ತು. ಬಯಲು ಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1,20,000 ರೂಪಾಯಿ. ಕನಿಷ್ಠ ನೂರಕ್ಕೆ 15ರಷ್ಟು ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಗುಡಿಸಲಿಗೆ 8,000. ದನದ ಕೊಟ್ಟಿಗೆಗೆ 3,000. ಮನೆಯ ಛಾವಣಿ ಪೂರ್ತಿ ಹಾರಿ ಗೋಡೆ ನಿಂತಿದ್ದರೆ ಅದು 'ಭಾಗಶಃ ಹಾನಿ' ಆಗಿಬಿಡುತ್ತೆ. 4,000 ರೂಪಾಯಿಗೆ ಎಷ್ಟು ಶೀಟು ಬರುತ್ತೆ ಅಂತ ಯಾವುದಾದರೂ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ ನೋಡಿ.

ದರದ ಪಕ್ಕದಲ್ಲೇ ಒಂದು ಷರತ್ತಿದೆ. ಹಾನಿಯಾದ ಮನೆ 'ಅಧಿಕೃತ ಕಟ್ಟಡ' ಆಗಿರಬೇಕು, ಅದನ್ನ ಸಕ್ಷಮ ಪ್ರಾಧಿಕಾರ ದೃಢೀಕರಿಸಿರಬೇಕು. ಇಡೀ ಕಥೆ ಈ ಒಂದು ಸಾಲಲ್ಲಿದೆ ಬಂಧುಗಳೇ. ನಮ್ಮನ್ನ ಊರಾಚೆ ಇಟ್ಟವರು ಹಕ್ಕುಪತ್ರ ಕೊಟ್ಟು ಇಡಲಿಲ್ಲ. ಹಿತ್ತಲಿನ ರೂಮಿಗೆ ಖಾತೆ ಮಾಡಿಕೊಡಲಿಲ್ಲ. ಮನೆ ಬಿದ್ದ ದಿನ ಮಾತ್ರ ಅಧಿಕೃತವಾ ಅಂತ ಕೇಳ್ತಾರೆ. ಆ ಹೆಂಗಸನ್ನ ಹಕ್ಕುಪತ್ರ ಕೇಳಿದ ನೌಕರ ಕೆಟ್ಟವನಲ್ಲ. ಅವನ ಕೈಯಲ್ಲಿದ್ದ ಫಾರಂ ಅದನ್ನ ಕೇಳಿಸ್ತು.

ಸರ್ಕಾರ ಮನಸ್ಸು ಮಾಡಿದರೆ ಈ ದರ ಮೀರಿ ಕೊಡೋಕೂ ಆಗುತ್ತೆ. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ ನಮ್ಮ ರಾಜ್ಯವೇ 5 ಲಕ್ಷ ಘೋಷಿಸಿತ್ತು. ನೆರೆಯಲ್ಲಿ ಸಾವಿರಾರು ಮನೆ ಒಟ್ಟಿಗೆ ಮುಳುಗುತ್ತೆ, ಟೀವಿಯವರು ಬರ್ತಾರೆ. ಬಿರುಗಾಳಿ ಇಲ್ಲಿ ಐದು ಮನೆ, ಅಲ್ಲಿ ಮೂರು ಮನೆ ಅಂತ ಹಾರಿಸಿಕೊಂಡು ಹೋಗುತ್ತೆ. ಚದುರಿದ ನಷ್ಟಕ್ಕೆ ಸದ್ದಿಲ್ಲ.

*

ಕೊನೇದು ಹಿತ್ತಲು, ತೋಟ.

ಮುರಿದುಬಿದ್ದ ಆ ನುಗ್ಗೆಮರವನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ. ಆ ಅಕ್ಕನಿಗೆ ಅದು ವಾರದ ಸಂತೆ ಖರ್ಚು. ಕಾಯಿ ಕಟ್ಟು ಕಟ್ಟಿ ಮಾರೋರು, ಸೊಪ್ಪು ಮನೆಗೆ. ಹಿತ್ತಲಿಗೆ ಪಹಣಿ ಇಲ್ಲ, ಅದರಿಂದ ಅದರಲ್ಲಿ ಬೆಳೆದದ್ದು 'ಬೆಳೆ' ಅಲ್ಲ.

ಆ ಕೇರಿಯ ಇನ್ನೊಬ್ಬ ಅಣ್ಣ ಬೇರೆಯವರ ಜಮೀನಲ್ಲಿ ವಾರಕ್ಕೆ ಟೊಮೆಟೊ ಹಾಕಿದ್ದರು. ಕಡ್ಡಿ ಸಮೇತ ಮಲಗಿಬಿಟ್ಟಿತ್ತು. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಾಳಾದ ನೀರಾವರಿ ಬೆಳೆಗೆ 2022ರ ದರದಲ್ಲಿ ಹೆಕ್ಟೇರಿಗೆ 17,000 ರೂಪಾಯಿ, ಎಕರೆಗೆ ಏಳು ಸಾವಿರಕ್ಕೂ ಕಡಿಮೆ. ಅದೂ ಹೋಗೋದು ಪಹಣಿಯಲ್ಲಿ ಹೆಸರಿದ್ದವರ ಅಕೌಂಟಿಗೆ. ಕಡ್ಡಿ ನೆಟ್ಟವರು, ಔಷಧಿ ಸಾಲ ಮಾಡಿದವರು ಕಾಗದದಲ್ಲಿ ಇಲ್ಲವೇ ಇಲ್ಲ. 1974ರ ತಿದ್ದುಪಡಿ ಆದ ಮೇಲೆ ಭೂ ಸುಧಾರಣಾ ಕಾಯಿದೆಯ 5ನೇ ಕಲಂ ಪ್ರಕಾರ ಕೃಷಿ ಜಮೀನು ಗೇಣಿಗೆ ಕೊಡೋದೇ ನಿಷಿದ್ಧ. ಆ ತಿದ್ದುಪಡಿ ಲಕ್ಷಾಂತರ ಗೇಣಿದಾರರಿಗೆ ಭೂಮಿ ಕೊಡಿಸಿತು, ಅದು ನಮ್ಮ ಹೆಮ್ಮೆ. ಆದರೆ ಆವಾಗ ಗೇಣಿದಾರರೂ ಅಲ್ಲದೆ ಬರೀ ಕೂಲಿಗಳಾಗಿದ್ದ ನಮ್ಮವರು ಇವತ್ತು ವಾರಕ್ಕೆ ಮಾಡಿದರೆ ಅದಕ್ಕೆ ಚೀಟಿಯೂ ಇಲ್ಲ.

ಸರ್ಕಾರಿ ಜಮೀನು ಉಳುಮೆ ಮಾಡಿ ಫಾರಂ 50, 53, 57 ಹಾಕಿದವರ ಕಥೆ ಇನ್ನೊಂದು. ಬೆಂಗಳೂರು ಪಾಲಿಕೆಯ ಎಲ್ಲೆಯಿಂದ 18 ಕಿ.ಮೀ. ಒಳಗಿದ್ದರೆ ಬಗರ್‌ಹುಕುಂ ಸಕ್ರಮ ಇಲ್ಲ ಅಂತ ಕಾನೂನು. 2007ರಲ್ಲಿ ಬಿಬಿಎಂಪಿ ಆಗಿ ವೈಟ್‌ಫೀಲ್ಡ್ ಕಡೆಯೆಲ್ಲ ನಗರಕ್ಕೆ ಸೇರಿತು. ನಮ್ಮ ಹೋಬಳಿ ಅದರ ಪಕ್ಕದಲ್ಲೇ ಇದೆ. ನಾವು ಇದ್ದಲ್ಲೇ ಇದ್ದೆವು, ಆ 18 ಕಿ.ಮೀ. ಗೆರೆ ನಮ್ಮ ಹೊಲದ ಕಡೆಗೆ ನಡೆದು ಬಂತು.

*

ಹಂಗಾದ್ರೆ ಏನು ಮಾಡೋಣ? ಗುಮಾಸ್ತನಾಗಿ ನನಗೆ ತಿಳಿದ ನಾಲ್ಕು ಮಾತು.

ಒಂದು: ಶೀಟು ಹಾರಿದ ದಿನವೇ, ರಿಪೇರಿಗೆ ಮುಂಚೆ, ತಾರೀಖು ಸಮೇತ ಫೋಟೋ ತೆಗೀರಿ. ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಪಂಚನಾಮೆಯಲ್ಲಿ ಗಾಳಿ, ಮಳೆ, ಆಲಿಕಲ್ಲು ಯಾವುದು ಬಿತ್ತೋ ಅದನ್ನೆಲ್ಲ ಬಿಡಿಬಿಡಿಯಾಗಿ ಬರೆಸಿ. ಮನೆ 'ಕಚ್ಚಾ', 'ಗುಡಿಸಲು' ಯಾವ ಸಾಲಲ್ಲಿದೆ ಅಂತ ಓದಿಸಿಕೊಂಡೇ ಸಹಿ ಹಾಕಿ. ಬೆಳೆವಿಮೆ ಇದ್ದವರು 72 ಗಂಟೆ ಒಳಗೆ ತಿಳಿಸಬೇಕು.

ಎರಡು: ಗಾಳಿ ಬೀಸೇ ಇಲ್ಲ ಅಂತ ಯಾರಾದರೂ ಅಂದರೆ ಹೆದರಬೇಡಿ. ಹೋಬಳಿ ಮಟ್ಟದಲ್ಲಿ ಸರ್ಕಾರದ್ದೇ ಹವಾಮಾನ ಯಂತ್ರಗಳಿವೆ. ಆ ದಿನದ ಗಾಳಿಯ ವೇಗ ಎಷ್ಟು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ.

ಮೂರು: ಮಳೆಗಾಲ ಅಲ್ಲದಾಗ ಮಾಡಬೇಕಾದ ಕೆಲಸ ಇದು. 94ಸಿ, 94ಡಿ ಅರ್ಜಿ, ಪೌತಿ ಖಾತೆ, ಅಣ್ಣತಮ್ಮಂದಿರ ಭಾಗ. ಬೇಸಿಗೆಯ ಗಾಳಿ ಏಳೋಕೆ ಮುಂಚೆ ಒಂದೊಂದು ಕೇರಿಯಲ್ಲೂ ಒಂದೊಂದು ಭಾನುವಾರ ಕೂತು ಈ ಅರ್ಜಿಗಳನ್ನ ಬರೆಯೋಣ. ನಾನು ಬರ್ತೀನಿ.

ನಾಲ್ಕು: ಹಕ್ಕೊತ್ತಾಯ. ಪರಿಹಾರಕ್ಕೆ ವಾಸ ಇರೋದೇ ಆಧಾರ ಆಗಲಿ, ರೇಷನ್ ಕಾರ್ಡು, ಕರೆಂಟು ಬಿಲ್ಲು ಸಾಕು ಅನ್ನಲಿ. ಬಿರುಗಾಳಿಗೆ ಅದರದೇ ಹೆಸರಲ್ಲಿ ಪರಿಹಾರ ಸಿಗಲಿ. ಹಾರಿದ ಛಾವಣಿಗೆ ಮತ್ತೆ ಶೀಟಿನ ದುಡ್ಡು ಬೇಡ, ಹಾರದ ಛಾವಣಿ ಕೊಡಲಿ.

ಇದರ ಜೊತೆಗೆ ಒಂದು ಸಣ್ಣ ಕೆಲಸ ಶುರು ಮಾಡಿದ್ದೀನಿ. ಇನ್ನೂರು ಪೇಜಿನ ಒಂದು ನೋಟ್‌ಬುಕ್ ತಂದು ಆ ಕೇರಿಯ ಓದಿದ ಹುಡುಗಿಯೊಬ್ಬಳ ಕೈಗೆ ಕೊಟ್ಟೆ. ತಾರೀಖು, ಎಷ್ಟು ಹೊತ್ತಿಗೆ ಗಾಳಿ ಬಂತು, ಯಾರ ಮನೆ, ಎಷ್ಟು ಶೀಟು, ಯಾವ ಮರ, ಯಾರು ನೋಡೋಕೆ ಬಂದರು, ಏನು ಹೇಳಿ ಹೋದರು, ಎಷ್ಟು ಸಿಕ್ಕಿತು. ಮೊದಲ ಸಾಲಲ್ಲಿ ಅವಳು ಶೀಟಿನ ಲೆಕ್ಕ ಬರೆದಳು. ಎರಡನೇ ಸಾಲು ನಾನು ಹೇಳಿ ಬರೆಸಿದೆ: ನುಗ್ಗೆಮರ ಒಂದು, ಬಾಳೆ ನಾಲ್ಕು, ಗೊನೆ ಸಮೇತ.

ನಿಮ್ಮ ಕೇರಿಯಲ್ಲೂ ಒಂದು ನೋಟ್‌ಬುಕ್ ಇಡಿ. ಮನೆಯ ಹಿರಿಯರನ್ನ ಕೂರಿಸಿಕೊಂಡು ಹಿಂದಿನ ಗಾಳಿಗಳ ನೆನಪನ್ನೂ ಬರೆದಿಡಿ. ಮಳೆಗೆ 1891ರ ಪುಸ್ತಕ ಇದೆ. ನಮ್ಮ ಛಾವಣಿಗಳ ಪುಸ್ತಕ ಇವತ್ತಿಂದಾದರೂ ಶುರುವಾಗಲಿ.

ಜೈಭೀಮ್.